ಕುಟುಂಬ ಚಿಕಿತ್ಸೆಯೊಳಗೆ ಸಂಸ್ಕೃತಿ ಬಂದ ಬಗೆ

ಅಮೆರಿಕದ ವಿವಾಹ ಸಮಾಲೋಚನೆಗೆ ಆರಂಭದಲ್ಲಿ ಬಲ ಕೊಟ್ಟವರಲ್ಲಿ ಪಾಲ್ ಪೊಪೆನೊ ಪ್ರಮುಖರು. ಇವರು ಸುಜನನವಾದಿ. ‘ಯೋಗ್ಯ’ರ ಮದುವೆಗಳು ಮುರಿಯಬಾರದು, ‘ಅಯೋಗ್ಯ’ರಿಗೆ ಮಕ್ಕಳಾಗಬಾರದು ಎಂಬುದು ಇವರ ನಿಲುವು. 1930ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇವರು ತೆರೆದ ಸಲಹಾ ಕೇಂದ್ರದ ಬೆನ್ನಿಗಿದ್ದದ್ದು ಇದೇ ವಿಚಾರ. 1942ರಲ್ಲಿ ಸಮಾಲೋಚಕರ ರಾಷ್ಟ್ರೀಯ ಸಂಘವೂ ಹುಟ್ಟಿತು. ಆದರೆ ಬಹುಪಾಲು ಸದಸ್ಯರಿಗೆ ಇದು ವೈದ್ಯಕೀಯ, ಪೌರೋಹಿತ್ಯ, ಬೋಧನೆಗಳ ಜೊತೆಗಿನ ಉಪವೃತ್ತಿಯಷ್ಟೇ.

ಕುಟುಂಬ ಚಿಕಿತ್ಸೆಯ ಸಿದ್ಧಾಂತ ಬಂದದ್ದು ಬೇರೆ ಕಡೆಯಿಂದ: 1950ರ ದಶಕದಲ್ಲಿ ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ ಮತ್ತು ಸಂಗಡಿಗರು ಕುಟುಂಬವನ್ನು ಒಂದು ವ್ಯವಸ್ಥೆಯಾಗಿ ನೋಡಲು ಕಲಿಸಿದರು. ಆ ಸಿದ್ಧಾಂತದಲ್ಲಿ ಬಡತನಕ್ಕಾಗಲಿ ವರ್ಣಕ್ಕಾಗಲಿ ಹೆಚ್ಚು ಜಾಗವಿರಲಿಲ್ಲ. ಈ ಕೊರತೆ ಎದ್ದುಕಂಡದ್ದು ನ್ಯೂಯಾರ್ಕ್ ರಾಜ್ಯದ ವಿಲ್ಟ್‌ವಿಕ್ ಬಾಲಕರ ವಸತಿಶಾಲೆಯಲ್ಲಿ. ಅಲ್ಲಿನ ಹುಡುಗರಲ್ಲಿ ಹೆಚ್ಚಿನವರು ಕೊಳೆಗೇರಿಗಳ ಕಪ್ಪು ಮತ್ತು ಪೋರ್ಟೊರಿಕೊ ಮೂಲದ ಮನೆಗಳವರು. ಅರ್ಜೆಂಟೀನಾದ ಯೆಹೂದಿ ಮನೆಯಲ್ಲಿ ಹುಟ್ಟಿದ ಮನೋವೈದ್ಯ ಸಾಲ್ವಡೋರ್ ಮಿನುಚಿನ್ ಹುಡುಗನೊಬ್ಬನನ್ನೇ ಕೂರಿಸಿ ಮಾತಾಡಿಸುವ ಪದ್ಧತಿ ಬಿಟ್ಟು ಇಡೀ ಮನೆಯವರನ್ನು ಕರೆಸಿದರು. ಈ ಅನುಭವ 1967ರಲ್ಲಿ ‘ಫ್ಯಾಮಿಲೀಸ್ ಆಫ್ ದ ಸ್ಲಮ್ಸ್’ ಪುಸ್ತಕವಾಯಿತು. ಕಪ್ಪು ಕುಟುಂಬದ ರಚನೆಯಲ್ಲೇ ರೋಗವಿದೆ ಎಂಬಂತೆ ಬರೆದ ಅಮೆರಿಕ ಸರ್ಕಾರದ ಮಾಯ್ನಿಹನ್ ವರದಿ ಹೊರಬಂದದ್ದು ಅದಕ್ಕೆ ಎರಡೇ ವರ್ಷ ಮೊದಲು.

ಫಿಲಡೆಲ್ಫಿಯಾಕ್ಕೆ ಹೋದ ಮೇಲೆ ಮಿನುಚಿನ್ ಮತ್ತು ಸಹೋದ್ಯೋಗಿಗಳಾದ ಜೇ ಹೇಲಿ, ಬ್ರೌಲಿಯೊ ಮೊಂಟಾಲ್ವೊ ಮತ್ತೂ ಮುಂದುವರಿದು, ಕಾಲೇಜು ಪದವಿಯಿಲ್ಲದ ಸ್ಥಳೀಯ ಕಪ್ಪು ನಿವಾಸಿಗಳಿಗೇ ಚಿಕಿತ್ಸಕರ ತರಬೇತಿ ಕೊಟ್ಟರು. ವೃತ್ತಿ ಮುಂದೆ ಪದವಿಯ ಮೇಲೆ ಪದವಿ ಬೇಡುವ ದಾರಿ ಹಿಡಿದದ್ದರಿಂದ ಈ ಪ್ರಯೋಗ ಬೆಳೆಯಲಿಲ್ಲ ಎನ್ನಬೇಕು.

1978ರಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸೆಯ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಆಯೋಗವನ್ನು ಅಮೆರಿಕದ ಕೇಂದ್ರ ಸರ್ಕಾರ ಅಂಗೀಕರಿಸಿತು. ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಮತ್ತು ಪಿಎಚ್‌.ಡಿ. ಕೋರ್ಸುಗಳು ಬಲಗೊಂಡವು. ಪಾಠ, ಸಂಶೋಧನೆ, ವಿದ್ಯಾರ್ಥಿಗಳ ಚಿಕಿತ್ಸಾ ಕೆಲಸದ ಮೇಲ್ವಿಚಾರಣೆ ಮೂರೂ ಸೇರಿದ ಪ್ರಾಧ್ಯಾಪಕ ವೃತ್ತಿ ರೂಪುಗೊಂಡಿತು. ಸಂಸ್ಕೃತಿ ಪಠ್ಯದ ವಿಷಯವಾದದ್ದೂ ಇದೇ ಹೊತ್ತಿಗೆ. 1982ರಲ್ಲಿ ಮೋನಿಕಾ ಮೆಕ್‌ಗೋಲ್ಡ್ರಿಕ್ ಮತ್ತಿತರರು ಸಂಪಾದಿಸಿದ ‘ಎಥ್ನಿಸಿಟಿ ಅಂಡ್ ಫ್ಯಾಮಿಲಿ ಥೆರಪಿ’ ಒಂದೊಂದು ಸಮುದಾಯಕ್ಕೆ ಒಂದೊಂದು ಅಧ್ಯಾಯ ಮೀಸಲಿಟ್ಟಿತು. ಉಪಯುಕ್ತ ಗ್ರಂಥ, ಅಪಾಯಕಾರಿಯೂ ಹೌದು: ಹೀಗೆ ವಿಂಗಡಿಸಿದರೆ ಕರಾವಳಿಯ ಅಳಿಯಸಂತಾನದ ಮನೆಯೂ ಬಯಲುಸೀಮೆಯ ಪಿತೃಪ್ರಧಾನ ಮನೆಯೂ ‘ಭಾರತೀಯ ಕುಟುಂಬ’ ಎಂಬ ಒಂದೇ ತಲೆಬರಹದಡಿ ಸೇರಿಬಿಡುತ್ತವೆ.

ಮುಂದಿನವರು ಇದನ್ನು ತಿದ್ದಿದರು. ನ್ಯಾನ್ಸಿ ಬಾಯ್ಡ್-ಫ್ರಾಂಕ್ಲಿನ್ 1989ರ ಪುಸ್ತಕದಲ್ಲಿ ಕಪ್ಪು ಕುಟುಂಬಗಳ ಅಜ್ಜಿಯರು, ಚರ್ಚು, ರಕ್ತಸಂಬಂಧವಿಲ್ಲದ ಆಪ್ತರನ್ನೂ ಚಿಕಿತ್ಸೆಯ ಲೆಕ್ಕಕ್ಕೆ ತಂದರು. ಸೀಲಿಯಾ ಫಾಲಿಕೋವ್ ಸಮುದಾಯದ ಹೆಸರಿಗಿಂತ ವಲಸೆ, ಬದುಕಿನ ಪರಿಸರ, ಮನೆಯ ಕಟ್ಟುಪಾಡು, ಜೀವನಚಕ್ರದ ಘಟ್ಟಗಳನ್ನು ಕೇಳಿ ತಿಳಿಯುವ ಕ್ರಮ ರೂಪಿಸಿದರು. ಒಬ್ಬ ವ್ಯಕ್ತಿ ಏಕಕಾಲಕ್ಕೆ ಹಲವು ಸಂಸ್ಕೃತಿಗಳಿಗೆ ಸೇರಿರುತ್ತಾನೆ ಎಂಬುದು ಅವರ ವಾದ.

ಭಾರತದ ದಾರಿ ಬೇರೆ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಮನೋವೈದ್ಯ ವಿದ್ಯಾಸಾಗರ್ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಮನೋವೈದ್ಯಕೀಯಕ್ಕೆ ಪ್ರತ್ಯೇಕ ಕೇಂದ್ರವೇ ಬೆಳೆಯಿತು. ಆದರೂ ಇಲ್ಲಿ ಕುಟುಂಬ ಚಿಕಿತ್ಸೆ ಅಮೆರಿಕದಂತೆ ಸ್ವತಂತ್ರ ಪರವಾನಗಿಯ ವೃತ್ತಿಯಾಗದೆ, ಮನೋವೈದ್ಯಕೀಯ, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗಗಳ ಒಳಗೇ ಉಳಿದಿದೆ.