‘ಫಾರ್ಮ್’ ಎಂಬ ಪದದ ಪೂರ್ವಕಥೆ

ಇಂಗ್ಲಿಷಿನ ‘ಫಾರ್ಮ್’ ಎಂಬ ಪದವನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ಹಸುರು ಹೊಲ, ದನದ ಕೊಟ್ಟಿಗೆ, ಹುಲ್ಲಿನ ಬಣವೆ. ಆದರೆ ಈ ಪದವು ಬೆಳೆದು ಬಂದುದು ಹೊಲದಲ್ಲಲ್ಲ, ಲೆಕ್ಕದ ಕಡತದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ‘ಫಿರ್ಮುಸ್’ ಎಂದರೆ ಸ್ಥಿರವಾದುದು. ಅದರಿಂದ ಹೊರಟ ‘ಫಿರ್ಮ’ ಎಂಬ ಮಾತಿಗೆ ಮಧ್ಯಯುಗದಲ್ಲಿ, ಇಷ್ಟೇ ಎಂದು ಗೊತ್ತುಮಾಡಿದ ಸಲ್ಲಿಕೆ ಎಂಬ ಅರ್ಥವಾಯಿತು. ವಿಲಿಯಂ ದೊರೆಯು 1086ರಲ್ಲಿ ಮಾಡಿಸಿದ ‘ಡೂಮ್ಸ್‌ಡೇ’ ಎಂಬ ಭೂದಾಖಲೆಯಲ್ಲಿ ‘ಒಂದು ರಾತ್ರಿಯ ಫಿರ್ಮ’ ಎಂಬ ಬಾಬು ಕಾಣುತ್ತದೆ. ಅರಸನಿಗೂ ಅವನ ಪರಿವಾರಕ್ಕೂ ಒಂದು ರಾತ್ರಿಗೆ ಸಾಕಾಗುವ ಆಹಾರವನ್ನು ಒದಗಿಸುವ ಹೊಣೆಯೇ ಅದು.

ಆ ಕಾಲದ ಇಂಗ್ಲೆಂಡಿನಲ್ಲಿ ನೇಗಿಲು ಹಿಡಿದವನಿಗೆ ‘ಫಾರ್ಮರ್’ ಎಂಬ ಹೆಸರಿರಲಿಲ್ಲ. ಅವನನ್ನು ‘ಹಸ್ಬೆಂಡ್‌ಮನ್’ ಎಂದು ಕರೆಯುತ್ತಿದ್ದರು. ‘ಫಾರ್ಮರ್’ ಎಂದರೆ ಸರ್ಕಾರಕ್ಕೆ ಗೊತ್ತಾದ ಮೊತ್ತವನ್ನು ಕಟ್ಟಿ, ತೆರಿಗೆ ಎತ್ತುವ ಹಕ್ಕನ್ನು ಪಡೆದ ಗುತ್ತಿಗೆದಾರ. ಬರಬರುತ್ತ ಗೇಣಿಗೆ ಹಿಡಿದ ಭೂಮಿಗೂ, ಬಳಿಕ ಅದನ್ನು ಉಳುವವನಿಗೂ ಈ ಹೆಸರುಗಳು ಸಂದವು. ಫ್ರಾನ್ಸಿನಲ್ಲಾದರೋ ಹಳೆಯ ಅರ್ಥವೇ ಬಹುಕಾಲ ನಿಂತಿತು. ಉಪ್ಪು, ಹೊಗೆಸೊಪ್ಪುಗಳ ಸುಂಕವನ್ನು ಗುತ್ತಿಗೆ ಹಿಡಿದ ‘ಫಾರ್ಮರ್-ಜನರಲ್’ಗಳನ್ನು ಪ್ರಜೆಗಳು ದ್ವೇಷಿಸಿದರು. ಪ್ರಸಿದ್ಧ ರಸಾಯನಶಾಸ್ತ್ರಜ್ಞನಾದ ಲಾವಾಸಿಯೇ 1794ರ ಮೇ 8ರಂದು ಶಿರಚ್ಛೇದಕ್ಕೆ ಗುರಿಯಾದುದು ಅಂತಹ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದುದರಿಂದಲೇ.

ಈ ಹಳೆಯ ಅರ್ಥವು ಈಸ್ಟ್ ಇಂಡಿಯಾ ಕಂಪನಿಯೊಡನೆ ನಮ್ಮ ದೇಶಕ್ಕೂ ಬಂದಿತು. 1770ರ ಘೋರ ಕ್ಷಾಮದಿಂದ ಬಂಗಾಳವು ಇನ್ನೂ ಚೇತರಿಸಿಕೊಂಡಿರಲಿಲ್ಲ. ಆಗ, 1772ರಲ್ಲಿ, ವಾರನ್ ಹೇಸ್ಟಿಂಗ್ಸನು ಕಂದಾಯದ ಹಕ್ಕನ್ನು ಹರಾಜಿಗಿಟ್ಟು, ಹೆಚ್ಚಿಗೆ ಕೂಗಿದವರಿಗೆ ಐದು ವರ್ಷಗಳ ಮಟ್ಟಿಗೆ ಗುತ್ತಿಗೆ ಕೊಡಿಸಿದನು. ಕೂಗಿದ ಮೊತ್ತ ದೊಡ್ಡದು, ನೆಲದ ಶಕ್ತಿ ಸಣ್ಣದು. ಬಾಕಿ ಬೆಳೆಯಿತು, ರೈತನು ಬಡವಾದನು.

ನಮ್ಮ ಮೈಸೂರಿನಲ್ಲಿಯೂ ಇದಕ್ಕೆ ಹತ್ತಿರವಾದ ‘ಶರ್ತಿ’ ಎಂಬ ಪದ್ಧತಿ ಇದ್ದಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಒದಗಿಸುವೆನೆಂದು ಅಮಲ್ದಾರನು ಕರಾರು ಬರೆದುಕೊಡಬೇಕಾಗಿತ್ತು. ಕಡಿಮೆಯಾದರೆ ಅವನೇ ತುಂಬಬೇಕು. ಹೆಚ್ಚಾದರೆ ಖಜಾನೆಗೆ ಸೇರಬೇಕು. ತಾನು ತುಂಬಬೇಕಾದುದನ್ನು ಅಮಲ್ದಾರನು ಯಾರಿಂದ ಕೀಳುತ್ತಿದ್ದನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. 1830ರಲ್ಲಿ ನಗರದ ಸೀಮೆಯ ರೈತರು ದಂಗೆ ಎದ್ದುದಕ್ಕೆ ಕಂದಾಯದ ಈ ಬಾಧೆಯೂ ಒಂದು ಕಾರಣ. ಮರುವರ್ಷವೇ ಸಂಸ್ಥಾನದ ಆಡಳಿತವು ಬ್ರಿಟಿಷರ ಕೈಸೇರಿತು.

ಇಷ್ಟೆಲ್ಲ ಕಥೆಯೂ ಆ ಲ್ಯಾಟಿನ್ ಮೂಲದಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ. ಸಲ್ಲಿಕೆ ಸ್ಥಿರ; ಮಳೆ ಅಸ್ಥಿರ. ಪಡೆಯುವವನ ಮೊತ್ತವು ಕಾಗದದ ಮೇಲೆ ಗಟ್ಟಿಯಾಗಿ ನಿಂತಷ್ಟೂ, ಪೈರಿನ ಅನಿಶ್ಚಯವೆಲ್ಲ ಉಳುವವನ ಹೆಗಲಿಗೆ ಜಾರುತ್ತದೆ. ಇಂಗ್ಲಿಷು ಕಾಲಕ್ರಮದಲ್ಲಿ ಗುತ್ತಿಗೆದಾರನ ಹೆಸರನ್ನು ಬೇಸಾಯಗಾರನಿಗೆ ಕೊಟ್ಟಿತು. ಕನ್ನಡವಾದರೋ ‘ಗುತ್ತಿಗೆ’ಯನ್ನೂ ‘ಬೇಸಾಯ’ವನ್ನೂ ಬೇರೆ ಬೇರೆಯಾಗಿಯೇ ಉಳಿಸಿಕೊಂಡಿದೆ. ಮಾತಿನಲ್ಲಿ ಉಳಿದ ಈ ಭೇದವನ್ನು ನೆಲದ ಮೇಲೆ ಕಾಣುವುದಕ್ಕೆ ನಮ್ಮವರು ಬಹುಕಾಲ ಕಾಯಬೇಕಾಯಿತು. ಗೇಣಿದಾರನಿಗೆ ಭೂಮಿಯ ಒಡೆತನವನ್ನು ಕೊಡಿಸಹೊರಟ ತಿದ್ದುಪಡಿಯ ಕಾನೂನು ಕರ್ಣಾಟಕದಲ್ಲಿ ಜಾರಿಗೆ ಬಂದುದು 1974ರ ಮಾರ್ಚ್ 1ರಂದು.