ತೆನೆಯ ಬೆಂಡೂ ಲೋಹದ ಪುಡಿಯೂ

ಜಗಳೂರು ಮಳೆ ಕಡಿಮೆಯಾದ ಸೀಮೆ. ಹಿಂದೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದು 1997ರಿಂದ ದಾವಣಗೆರೆ ಜಿಲ್ಲೆಯಲ್ಲಿರುವ ಈ ತಾಲ್ಲೂಕಿನಲ್ಲಿ ಈಗ ಮೆಕ್ಕೆಜೋಳವು ಮುಖ್ಯವಾದ ಬೆಳೆಗಳಲ್ಲೊಂದು. ಕಾಳು ಬಿಡಿಸಿದ ಮೇಲೆ ತೆನೆಯ ಬೆಂಡು ಕಣದಲ್ಲಿ ರಾಶಿಯಾಗಿ ಉಳಿಯುತ್ತದೆ. ಒಲೆಗಲ್ಲದೆ ಮತ್ತಾವುದಕ್ಕೂ ಒದಗದೆಂದು ತೋರುತ್ತದೆ. ಆದರೆ ಬೆಂಡನ್ನು ಆಮ್ಲದೊಡನೆ ಕಾಯಿಸಿದರೆ ಫರ್‌ಫ್ಯೂರಲ್ ಎಂಬ ದ್ರವವು ದೊರೆಯುತ್ತದೆ. ಅದರ ಆವಿಯನ್ನು ಜಲಜನಕದೊಡನೆ ತಾಮ್ರದ ವೇಗವರ್ಧಕದ ಮೇಲೆ ಹಾಯಿಸಿದರೆ, ಪೆಟ್ರೋಲಿನಂತೆ ಎಂಜಿನ್ನಿನಲ್ಲಿ ಉರಿಯಬಲ್ಲ ಮೀಥೈಲ್‌ಫ್ಯೂರಾನ್ ಆಗುತ್ತದೆ. ಈ ವಿದ್ಯೆಯ ಬೇರುಗಳು ಹಳೆಯವು. ಹಾಗಿದ್ದೂ ಅದೇಕೆ ನಮ್ಮ ಗಾಡಿಗಳವರೆಗೆ ಬರಲಿಲ್ಲ?

ಜರ್ಮನಿಯ ಯೇನಾ ನಗರದ ಡೋಬರೈನರನು 1823ರಲ್ಲಿ ಪ್ಲಾಟಿನಮ್ಮಿನ ಮೇಲೆ ಜಲಜನಕವನ್ನು ಹಾಯಿಸಿ, ಅದು ತಾನಾಗಿ ಹೊತ್ತಿಕೊಳ್ಳುವುದನ್ನು ತೋರಿಸಿದನು. ಫರ್‌ಫ್ಯೂರಲನ್ನು ಮೊದಲು ಕಂಡವನೂ ಆತನೇ; 1832ರಲ್ಲಿ ಅದನ್ನು ಪ್ರಕಟಪಡಿಸಿದನು. ಎರಡು ವಿದ್ಯೆಗಳೂ ಒಬ್ಬನ ಕೈಯಲ್ಲಿ ಹುಟ್ಟಿದರೂ ಒಂದುಗೂಡಲು ಬಹುಕಾಲ ಹಿಡಿಯಿತು. ತಾನು ವ್ಯಯವಾಗದೆ ಕ್ರಿಯೆಯನ್ನು ನಡೆಸುವ ಈ ಶಕ್ತಿಗೆ 1835ರಲ್ಲಿ ಬರ್ಜೀಲಿಯಸ್ ಹೆಸರಿಟ್ಟನು. 1897ರಿಂದ ಫ್ರಾನ್ಸಿನ ಸಬಾಟಿಯೇ, ಸಾಮಾನ್ಯವಾದ ನಿಕ್ಕಲ್ ಪುಡಿಯೂ ಜಲಜನಕವನ್ನು ತನ್ನ ಮೈಮೇಲೆ ಒಡೆದು ಇತರ ದ್ರವ್ಯಗಳಿಗೆ ಕೂಡಿಸಬಲ್ಲದೆಂದು ಸಿದ್ಧಪಡಿಸಿ, 1912ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು.

ನಮ್ಮ ನಾಡಿನಲ್ಲಿ ಈ ಕಥೆ ಭದ್ರಾವತಿಯಲ್ಲಿ ಮೊದಲಾಗುತ್ತದೆ. 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಕುಲುಮೆಗೆ ಬೇಕಾದ ಇದ್ದಿಲಿಗಾಗಿ ಮಲೆನಾಡಿನ ಸೌದೆಯನ್ನು ಗಾಳಿಯಾಡದಂತೆ ಕಾಯಿಸಿ, ಹೊರಟ ಹೊಗೆಯನ್ನು ತಣಿಸಿ, ಮರದ ಮದ್ಯಸಾರ, ಅಸಿಟೇಟು, ಡಾಂಬರುಗಳನ್ನು ಸಂಗ್ರಹಿಸುತ್ತಿದ್ದರು. ಅದೇ ವರ್ಷ ಜರ್ಮನಿಯ ಲೊಯ್ನಾದಲ್ಲಿ ಸತು ಮತ್ತು ಕ್ರೋಮಿಯಮ್ಮಿನ ಆಕ್ಸೈಡುಗಳ ಮೇಲೆ ಕಲ್ಲಿದ್ದಲಿನ ಅನಿಲವನ್ನು ಒತ್ತಡದಲ್ಲಿ ಹಾಯಿಸಿ, ಆ ಮದ್ಯಸಾರವನ್ನೇ ಅಗ್ಗವಾಗಿ ತಯಾರಿಸಲಾರಂಭಿಸಿದರು. ಲೋಕದ ಪೇಟೆಯಲ್ಲಿ ಮರದ ಮದ್ಯಸಾರವು ಹಿಂದೆ ಬಿದ್ದಿತು. ಸಸ್ಯಕ್ಕೆ ನೆರವಾಗಬಹುದಾಗಿದ್ದ ವೇಗವರ್ಧಕವು ಕಲ್ಲಿದ್ದಲಿನ ಪಕ್ಷವನ್ನು ವಹಿಸಿತು.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ದುರ್ಲಭವಾಗಿ, ನಮ್ಮ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಆ ಕಾಲದಲ್ಲಿ ಬೆಂಗಳೂರಿನ ವಿಜ್ಞಾನಮಂದಿರದ ನಿರ್ದೇಶಕರಾಗಿದ್ದ ಜ್ಞಾನಚಂದ್ರ ಘೋಷರು, ಇಂಥ ಅನಿಲವನ್ನು ಲೋಹಗಳ ಮೇಲೆ ಹಾಯಿಸಿ ತೈಲವಾಗಿಸುವ ಫಿಷರ್–ಟ್ರಾಪ್ಷ್ ಕ್ರಮವನ್ನು ಕುರಿತು ಸಂಶೋಧನೆ ನಡೆಸಿದರು. ಯುದ್ಧ ಮುಗಿದು ಪೆಟ್ರೋಲು ಮತ್ತೆ ದೊರೆಯಲು, ಆತುರವೂ ತಗ್ಗಿತು. ಆದರೆ ವಿದ್ಯೆಯ ಎಳೆ ಹರಿಯಲಿಲ್ಲ. ಅದೇ ಸಂಸ್ಥೆಯವರು 2022ರಲ್ಲಿ ಒಂದು ಕಿಲೋ ಸಸ್ಯಪದಾರ್ಥ ಮತ್ತು ಉಗಿಯಿಂದ 100 ಗ್ರಾಂ ಜಲಜನಕವನ್ನು ಪಡೆಯುವ ವಿಧಾನವನ್ನು ಪ್ರಕಟಿಸಿದರು.

ತೊಡಕುಗಳು ಇಂದಿಗೂ ಉಂಟು. ಸಸ್ಯದಲ್ಲಿ ಆಮ್ಲಜನಕ ಹೆಚ್ಚು. ಅದನ್ನು ಕಳೆಯಲು ಜಲಜನಕವನ್ನು ವೆಚ್ಚಮಾಡಬೇಕು. ಗಂಧಕವೂ ಮಸಿಯೂ ಲೋಹದ ಮೈಯನ್ನು ಮುಚ್ಚಿ ಅದನ್ನು ಜಡವಾಗಿಸುತ್ತವೆ. ಇವೆಲ್ಲವೂ ಪ್ರಯೋಗಶಾಲೆಯಲ್ಲಿ ಬಗೆಹರಿಯಬಹುದಾದ ಮಾತುಗಳು. ಬಗೆಹರಿಸುವುದು ಕಷ್ಟವಾದದ್ದು ಮತ್ತೊಂದು. ಜಗಳೂರಿನಲ್ಲಿ ಮೆಕ್ಕೆಜೋಳದ ಸೊಪ್ಪೆ ದನಗಳ ಮೇವು. ರಂಗಯ್ಯನದುರ್ಗದ ಕಾಡು ಕೊಂಡುಕುರಿಯ ಆಶ್ರಯ. ಇವನ್ನು ಮುಟ್ಟದೆ, ನಿಜವಾಗಿ ಮಿಗುವ ಬೆಂಡನ್ನಷ್ಟೇ ಕೊಂಡು, ಅದಕ್ಕೆ ರೈತನಿಗೆ ತಕ್ಕ ಬೆಲೆ ಕೊಡುವ ಏರ್ಪಾಡು ಬೇಕು. ಎಷ್ಟನ್ನು ತೆಗೆದುಕೊಳ್ಳಬಹುದೆಂಬ ಲೆಕ್ಕವನ್ನು ಲೋಹದ ಪುಡಿ ಹೇಳಲಾರದು. ಅದನ್ನು ಮನುಷ್ಯನೇ ಹಾಕಿಕೊಳ್ಳಬೇಕು.