ಸ್ಟೆಪ್ನಿಯ ಪೂರ್ವೋತ್ತರ

ದೂರದ ಊರಿಗೆ ಕಾರು ಹೊರಟು ನಿಂತಾಗ ಮನೆಯ ಹಿರಿಯರು ಡ್ರೈವರನ್ನು ಕೇಳುವ ಪ್ರಶ್ನೆಗಳಲ್ಲಿ “ಸ್ಟೆಪ್ನಿ ಸರಿಯಾಗಿದೆಯೇನಪ್ಪ?” ಎಂಬುದು ಒಂದು. ಇದು ಇಂಗ್ಲಿಷರ ನಿತ್ಯದ ಮಾತೆಂದೇ ನಾವು ಬಗೆದಿದ್ದೇವೆ. ಆದರೆ ತಾವು ಇಂದು ಲಂಡನ್ನಿಗೆ ಹೋಗಿ ಸ್ಟೆಪ್ನಿ ಎಲ್ಲಿ ಸಿಕ್ಕೀತೆಂದು ವಿಚಾರಿಸಿದರೆ, ಆ ನಗರದ ಪೂರ್ವಭಾಗದಲ್ಲಿ ಅದೇ ಹೆಸರಿನ ಒಂದು ಪೇಟೆಗೆ ದಾರಿ ತೋರಿಸಿಯಾರು. ಹೆಚ್ಚುವರಿ ಚಕ್ರಕ್ಕೆ ಅವರು ಈ ಹೆಸರನ್ನು ಬಳಸುವುದು ಬಿಟ್ಟು ಬಹುಕಾಲವಾಯಿತು. ಉಳಿಸಿಕೊಂಡವರು ನಾವು, ಮತ್ತೆ ಬ್ರೆಜಿಲ್ ದೇಶದವರು, ತಮ್ಮ ನಾಲಗೆಗೆ ಒಗ್ಗುವಂತೆ ‘ಎಸ್ಟೆಪಿ’ ಎಂದು ಮಾಡಿಕೊಂಡು.

ಈ ಹೆಸರಿನ ಬೆನ್ನು ಹತ್ತಿ ಹೋದರೆ, ಮೋಟಾರಿನ ಬಾಲ್ಯದ ಒಂದು ದೊಡ್ಡ ಸಂಕಟ ಕಣ್ಣಿಗೆ ಬೀಳುತ್ತದೆ.

ಗಾಳಿ ತುಂಬಿದ ಟೈರನ್ನು ಬೆಲ್‌ಫಾಸ್ಟಿನ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಬಳಕೆಗೆ ತಂದದ್ದು ಮಗನ ಮೂರು ಗಾಲಿಯ ಸೈಕಲ್ಲಿಗಾಗಿ. ಅದನ್ನು ಭಾರದ ಮೋಟಾರಿಗೆ ತೊಡಿಸುವುದು ಬೇರೆಯೇ ಮಾತು. 1895ರಲ್ಲಿ ಪ್ಯಾರಿಸ್ಸಿನಿಂದ ಬೋರ್ಡೊ ನಗರಕ್ಕೆ ಹೋಗಿ ಮರಳುವ ಸ್ಪರ್ಧೆ ನಡೆದಾಗ, ಫ್ರಾನ್ಸಿನ ಮಿಶೆಲಿನ್ ಸೋದರರು ಗಾಳಿಯ ಟೈರು ಹಾಕಿದ ಕಾರನ್ನು ತಾವೇ ಓಡಿಸಿದರು. ಒಯ್ದಿದ್ದ 22 ಟ್ಯೂಬುಗಳೂ ದಾರಿಯಲ್ಲೇ ತೀರಿಹೋದವೆಂದು ಹೇಳುತ್ತಾರೆ. ನೋಡಿದವರು ನಕ್ಕಿರಬೇಕು. ಆದರೂ ಗಟ್ಟಿ ರಬ್ಬರಿನ ಚಕ್ರದಲ್ಲಿ ಮೈಮೂಳೆ ಅಲುಗಿಸಿಕೊಂಡವರಿಗೆ ಗಾಳಿಯ ಟೈರಿನ ಸುಖ ಬಿಡುವಂತಿರಲಿಲ್ಲ.

ಆ ಕಾಲದ ರಸ್ತೆಯನ್ನು ಸ್ವಲ್ಪ ನೆನೆಸಿಕೊಳ್ಳಿ. ಎಲ್ಲೆಲ್ಲೂ ಕುದುರೆಗಾಡಿಗಳು, ಕುದುರೆ ನಡೆದಲ್ಲೆಲ್ಲ ಉದುರಿದ ಲಾಳದ ಮೊಳೆಗಳು. ಮೊಳೆ ಚುಚ್ಚಿತೋ, ಪ್ರಯಾಣ ಅಲ್ಲಿಗೆ ನಿಂತಿತು. ಈಗಿನಂತೆ ನಾಲ್ಕು ನಟ್ಟು ಬಿಚ್ಚಿ ಚಕ್ರ ಕಳಚುವ ಏರ್ಪಾಡು ಅಂದು ಇರಲಿಲ್ಲ. ಚಕ್ರವು ಅಚ್ಚಿನಲ್ಲೇ ಕೂತಿರುತ್ತಿತ್ತು. ಧೂಳಿನಲ್ಲಿ ಮಂಡಿಯೂರಿ, ಬಿಗಿಯಾಗಿ ಕೂತ ಟೈರಿನ ಅಂಚನ್ನು ಸಲಾಕೆಯಿಂದ ಮೀಟಿ, ಟ್ಯೂಬನ್ನು ಹೊರಗೆಳೆದು, ತೇಪೆ ಹಚ್ಚಿ, ಮತ್ತೆ ಒಳಗೆ ತುರುಕಿ, ಕೈಪಂಪಿನಿಂದ ಗಾಳಿ ಒತ್ತಬೇಕು. ಮಳೆಯಲ್ಲಿ, ಕತ್ತಲೆಯಲ್ಲಿ, ಕಾರಿನಲ್ಲಿ ಹೆಂಗಸರು ಮಕ್ಕಳು ಕೂತಿರುವಾಗ ಈ ಕೆಲಸ ಹೇಗಿದ್ದೀತು! ಎಂಜಿನ್ನು ಎಷ್ಟೇ ಚೆನ್ನಾಗಿರಲಿ, ಹೇಳಿದ ಹೊತ್ತಿಗೆ ಊರು ಸೇರುತ್ತೇನೆಂದು ಮಾತು ಕೊಡುವ ಧೈರ್ಯ ಯಾವ ಮೋಟಾರಿನವನಿಗೂ ಇರಲಿಲ್ಲ.

ವೇಲ್ಸ್ ನಾಡಿನ ದಕ್ಷಿಣಕ್ಕೆ ಲನೆಲ್ಲಿ ಎಂಬ ಊರು. ತವರ ಬಳಿದ ತಗಡಿಗೆ ಹೆಸರಾದ ಕಾರ್ಖಾನೆಗಳ ಊರು. ಅಲ್ಲಿಯ ಥಾಮಸ್ ಮಾರಿಸ್ ಡೇವೀಸ್ ಎಂಬಾತ 1904ರಲ್ಲಿ ಒಂದು ಉಪಾಯ ಹೂಡಿದ. ಅರಗಳೂ ಇಲ್ಲದ, ಗುಂಭವೂ ಇಲ್ಲದ ಬರಿಯ ಬಳೆಯಂಥ ಒಂದು ರಿಮ್ಮು. ಅದರ ಮೇಲೆ ಮನೆಯಲ್ಲೇ ಗಾಳಿ ತುಂಬಿಟ್ಟ ಟೈರು. ಪಂಕ್ಚರ್ ಆದ ಚಕ್ರವನ್ನು ಮುಟ್ಟುವುದೇ ಬೇಡ. ಅದರ ಪಕ್ಕಕ್ಕೆ ಈ ಬಳೆಯನ್ನು ಆನಿಸಿ, ಕೊಕ್ಕೆಗಳಿಂದ ಬಿಗಿದರಾಯಿತು. ಸೊರಗಿದ ಟೈರು ಸುಮ್ಮನೆ ಜೊತೆಗೆ ತಿರುಗುತ್ತದೆ, ಭಾರ ಹೊರುವುದು ಹೊಸದು. ಮನೆ ಸೇರಿ ಕೈಕಾಲು ತೊಳೆದು ನಿಧಾನವಾಗಿ ತೇಪೆ ಹಾಕಿಕೊಳ್ಳಬಹುದು.

ನನಗೆ ಮೆಚ್ಚಿಗೆಯಾಗುವುದು ಈ ಉಪಾಯದ ವಿನಯ. ಮೊಳೆ ಚುಚ್ಚಿದರೂ ತೂತಾಗದ ಟೈರು ಮಾಡುತ್ತೇನೆಂದು ಆತ ಹೊರಡಲಿಲ್ಲ. ತೂತಾಗುವುದು ಖಂಡಿತ ಎಂದು ಒಪ್ಪಿಕೊಂಡು, ಆಮೇಲಿನ ದಾರಿಯನ್ನು ನೋಡಿದ.

ಕಂಪನಿಯ ಕಾರ್ಯಾಲಯ ಇದ್ದದ್ದು ಲನೆಲ್ಲಿಯ ಸ್ಟೆಪ್ನಿ ಬೀದಿಯಲ್ಲಿ. ಆ ಸೀಮೆಯ ಭೂಮಾಲೀಕರಾದ ಸ್ಟೆಪ್ನಿ ಮನೆತನದ ಹೆಸರು ಬೀದಿಗೆ. ಬೀದಿಯ ಹೆಸರು ಚಕ್ರಕ್ಕೆ. ಕೆಲವೇ ವರ್ಷಗಳಲ್ಲಿ ಲಂಡನ್ನಿನ ಟ್ಯಾಕ್ಸಿಗಳು ಅದನ್ನು ಕಟ್ಟಿಕೊಂಡು ಓಡಾಡತೊಡಗಿದವು, ದೇಶದೇಶಗಳಲ್ಲಿ ಏಜೆಂಟರಾದರು.

ಅದರ ಪ್ರತಿಸ್ಪರ್ಧಿ ಆಗಲೇ ಹುಟ್ಟಿತ್ತು. 1906ರ ಜೂನ್ ತಿಂಗಳಲ್ಲಿ ಫ್ರಾನ್ಸಿನ ಲ ಮಾನ್ ಬಳಿ ಎರಡು ದಿನಗಳ ದೊಡ್ಡ ಓಟ ನಡೆಯಿತು. ಬಿಸಿಲಿಗೆ ಡಾಂಬರು ಕರಗಿ, ಟೈರುಗಳು ಒಂದರ ಮೇಲೊಂದು ಕೆಟ್ಟವು. ಚಾಲಕನೂ ಜೊತೆಯ ಮೆಕ್ಯಾನಿಕ್ಕೂ ಇಬ್ಬರೇ ದುರಸ್ತಿ ಮಾಡಿಕೊಳ್ಳಬೇಕೆಂಬುದು ನಿಯಮ. ಹಲವರು ಚಾಕುವಿನಿಂದ ಟೈರು ಕೊಯ್ದು ಬೆವರಿಳಿಸುತ್ತಿದ್ದಾಗ, ರೆನೋ ಕಾರಿನ ಫೆರೆಂಟ್ಸ್ ಸಿಸ್, ಟೈರು ಸಮೇತ ಕಳಚಿ ಬರುವ ಮಿಶೆಲಿನ್ನರ ರಿಮ್ಮನ್ನು ನಾಲ್ಕೇ ನಿಮಿಷದೊಳಗೆ ಬದಲಿಸಿ ಮುಂದೆ ಸಾಗಿದ, ಗೆದ್ದವನೂ ಅವನೇ. ಮುಂದೆ ಇಡೀ ಚಕ್ರವೇ ಕಳಚಿ ಬರುವ ಪದ್ಧತಿ ಬಂದ ಮೇಲೆ ಡೇವೀಸನ ಬಳೆಗೆ ಕೆಲಸವಿಲ್ಲವಾಯಿತು. ವಸ್ತು ಹೋಯಿತು, ನಮ್ಮಲ್ಲಿ ಹೆಸರು ನಿಂತಿತು. ತಮಾಷೆಗೆ ಮನುಷ್ಯರಿಗೂ ಆ ಹೆಸರಿಡುವುದುಂಟು. ಆ ವಿವರ ಇಲ್ಲಿ ಬೇಡ.

ಹೆಸರಿಗೆ ದೊರೆತ ಆಯುಸ್ಸು ವಸ್ತುವಿಗೆ ದೊರೆತಿಲ್ಲ ಎನ್ನುವುದಕ್ಕೆ ನಮ್ಮ ಮನೆಗಳ ಕಾರುಗಳೇ ಸಾಕ್ಷಿ. ನಾಲ್ಕು ಚಕ್ರಗಳಿಗೆ ತಿಂಗಳಿಗೊಮ್ಮೆ ಗಾಳಿ ನೋಡಿಸುವವರು ಐದನೆಯದನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ. ಟೈರು ಸುಮ್ಮನೆ ಮಲಗಿದ್ದರೂ ಗಾಳಿ ಸೋರುತ್ತದೆ, ರಬ್ಬರು ಒಣಗಿ ಬಿರಿಯುತ್ತದೆ. ಘಾಟಿಯ ತಿರುವಿನಲ್ಲಿ ರಾತ್ರಿ ಅದನ್ನು ಹೊರಗೆಳೆದಾಗಲೇ ಅದೂ ಸೊರಗಿರುವುದು ತಿಳಿಯುತ್ತದೆ. ಆಗ ಆ ಮನೆಯವರು 1904ಕ್ಕಿಂತ ಹಿಂದಿನ ಪ್ರಯಾಣಿಕರೇ ಸರಿ.

ಈಗ ಇನ್ನೊಂದು ಬದಲಾವಣೆಯೂ ಆಗಿದೆ. 2020ರಲ್ಲಿ ಭಾರತ ಸರ್ಕಾರ ನಿಯಮ ತಿದ್ದಿ, ಟ್ಯೂಬಿಲ್ಲದ ಟೈರುಗಳ ಜೊತೆಗೆ ದುರಸ್ತಿಯ ಪೆಟ್ಟಿಗೆಯೂ ಗಾಳಿಯ ಒತ್ತಡ ತಿಳಿಸುವ ಏರ್ಪಾಡೂ ಇರುವ ಸಣ್ಣ ವಾಹನಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದಿತು. ಪೆಟ್ಟಿಗೆಯಲ್ಲಿರುವ ಅಂಟುದ್ರವ, ಟೈರಿನ ನೆಲ ತಾಗುವ ಭಾಗದಲ್ಲಿ ಮೊಳೆ ಮಾಡಿದ ತೂತನ್ನು ಮುಚ್ಚಬಲ್ಲದು. ಕಲ್ಲಿಗೆ ಸಿಕ್ಕಿ ಪಕ್ಕದ ಗೋಡೆ ಹರಿದರೆ ಅದರಿಂದ ಏನೂ ಸಾಗದು. ಹೊಸ ಕಾರು ಕೊಳ್ಳುವಾಗ ಡಿಕ್ಕಿಯ ಹಾಸನ್ನೆತ್ತಿ, ಕೆಳಗಿರುವುದು ಚಕ್ರವೋ ಸೀಸೆಯೋ ಎಂದು ನೋಡಿಕೊಳ್ಳಿ.